ಆ ತಾಯಿಯ ಹೆಸರೇನು?

ಕಳೆದ ಜನವರಿಯಲ್ಲಿ ಯುವಜನರ ತಂಡವೊಂದರೊಡನೆ ಮೂರು ವಾರಗಳ ಸೇವಾಯಾತ್ರೆಗೆಂದು ಶ್ರೀಲಂಕೆಗೆ ಹೋಗಿ ಬಂದೆ. ವಿಜಯಪುರಕ್ಕೆ ಮರಳಿದ ಮೊದಲ ಭಾನುವಾರ ಬಲಿಪೂಜೆಯ ನಂತರ ಗುರುಗಳು ನನ್ನನ್ನು ಮುಂದೆ ಕರೆದು ಅನುಭವ ಹಂಚಿಕೊಳ್ಳಲು ಹೇಳಿದರು. ಕೊಚ್ಚಿಕಡೆಯ ಸಂತ ಅಂತೋಣಿಯವರ ಪುಣ್ಯಕ್ಷೇತ್ರ, ಕ್ಯಾಂಡಿಯ ಬೆಟ್ಟಗಳು, ಅಲ್ಲಿನ ಜನರ ಭಕ್ತಿ ಎಲ್ಲವನ್ನೂ ವರ್ಣಿಸಿದೆ. ಚಪ್ಪಾಳೆಯೂ ಬಿತ್ತು.

ಹೊರಗೆ ಬಂದಾಗ ತಿಕೋಟಾದ ದ್ರಾಕ್ಷಿ ತೋಟವೊಂದರಲ್ಲಿ ಕಾವಲಿಗಿರುವ ಹಿರಿಯರೊಬ್ಬರು ನನ್ನನ್ನು ತಡೆದು ನಿಲ್ಲಿಸಿದರು. ಅವರನ್ನು ನಾವೆಲ್ಲ ಅಜ್ಜ ಎಂದೇ ಕರೆಯುತ್ತೇವೆ.

"ಅಲ್ಲಿ ಹೋಗಿ ನೀ ಏನ ಮಾಡಿ ಬಂದಿ, ತಮ್ಮಾ?"

ಶಾಲೆಯೊಂದರ ಗೋಡೆಗೆ ಬಣ್ಣ ಬಳಿದೆವು, ಮಕ್ಕಳಿಗೆ ಹಾಡು ಕಲಿಸಿದೆವು ಎಂದೆ.

"ಗ್ವಾಡಿಗಿ ಬಣ್ಣಾ ಹಚ್ಚವರು ಅಲ್ಲಿ ಇರಲಿಲ್ಲೇನು?"

ಅಜ್ಜ ವ್ಯಂಗ್ಯವಾಡುವವರಲ್ಲ, ತಿಳಿದುಕೊಳ್ಳಲೆಂದೇ ಕೇಳಿದ್ದರು. ಉತ್ತರ ನನ್ನ ಬಳಿ ಇರಲಿಲ್ಲ. ನಿಜ ಹೇಳಬೇಕೆಂದರೆ, ದೇವಾಲಯದಲ್ಲಿ ನಿಂತು ನಾನು ಹೇಳದೆ ಬಿಟ್ಟ ಸಂಗತಿಯೊಂದಿತ್ತು.

2019ರ ಏಪ್ರಿಲ್ 21, ಪುನರುತ್ಥಾನದ ಭಾನುವಾರ. ಶ್ರೀಲಂಕೆಯ ಮೂರು ದೇವಾಲಯಗಳಲ್ಲೂ ಕೊಲಂಬೊದ ಹೋಟೆಲುಗಳಲ್ಲೂ ಆತ್ಮಾಹುತಿ ಬಾಂಬುಗಳು ಸಿಡಿದು 260ಕ್ಕೂ ಹೆಚ್ಚು ಜನ ಸತ್ತರೆಂಬುದು ವಾಚಕರಿಗೆ ನೆನಪಿರಬಹುದು. ಅತಿ ಹೆಚ್ಚು ಸಾವು ಸಂಭವಿಸಿದ್ದು ನೆಗೊಂಬೊ ಬಳಿಯ ಕಟುವಾಪಿಟಿಯದ ಸಂತ ಸೆಬಾಸ್ಟಿಯನ್ನರ ದೇವಾಲಯದಲ್ಲಿ. ಅಂದು ರಕ್ತ ಸಿಡಿದ ಪುನರುತ್ಥಿತ ಕ್ರಿಸ್ತರ ಪ್ರತಿಮೆಯನ್ನು ತೊಳೆಯದೆ, ಹಾಗೆಯೇ ಗಾಜಿನೊಳಗೆ ಇರಿಸಿದ್ದಾರೆ. ಅದರ ಮುಂದೆ ನಿಂತಾಗ ನನಗೆ ಪ್ರಾರ್ಥನೆ ಬಾಯಿಗೆ ಬರಲಿಲ್ಲ.

ಪಕ್ಕದ ಬೆಂಚಿನಲ್ಲಿ ಹಿರಿಯ ತಾಯಿಯೊಬ್ಬರು ಕುಳಿತಿದ್ದರು. ಅಂದು ಪೂಜೆಗೆಂದು ಬಂದ ಅವರ ಮಗ ಮನೆಗೆ ಮರಳಲಿಲ್ಲವೆಂದು ಜೊತೆಗಿದ್ದವರು ತಿಳಿಸಿದರು. ದುಭಾಷಿಯ ಮೂಲಕ ನಾನು ಅವರನ್ನು, ಇಷ್ಟಾದ ಮೇಲೂ ಇಲ್ಲಿಗೇ ಬರುತ್ತೀರಾ ಎಂದು ಕೇಳಿಬಿಟ್ಟೆ. ಕೇಳಬಾರದಿತ್ತು. ಅವರು ನನ್ನನ್ನೇ ನೋಡಿ, ಬೇರೆಲ್ಲಿಗೆ ಹೋಗಲಿ ಎಂದರು. ಪೇತ್ರನೂ ಒಮ್ಮೆ ಪ್ರಭುವನ್ನು ಹೀಗೆಯೇ ಕೇಳಿದ್ದನಲ್ಲವೇ? ಆಮೇಲೆ ಮನೆಗೆ ಕರೆದೊಯ್ದು ನಮಗೆಲ್ಲ ಚಹಾ ಕೊಟ್ಟರು. ಸೇವೆ ಮಾಡಲು ಹೋದವರು ನಾವು. ಸೇವೆ ಮಾಡಿಸಿಕೊಂಡು ಬಂದೆವು.

ವಿಶ್ವಾಸವೆಂದರೆ ನನ್ನ ಪಾಲಿಗೆ ಅದುವರೆಗೆ ಹುಟ್ಟಿನಿಂದ ಬಂದದ್ದು, ಮನೆಯ ಗೋಡೆಯ ಮೇಲಿನ ತಿರುಹೃದಯದ ಪಟದಂತೆ. ಅದಕ್ಕೆ ನಾನು ಬೆಲೆ ತೆತ್ತಿರಲಿಲ್ಲ. ಆ ತಾಯಿಯ ಮುಂದೆ ಅದು ನನಗೆ ಸ್ಪಷ್ಟವಾಯಿತು, ಮುಜುಗರವೂ ಆಯಿತು.

ಕ್ಯಾಂಡಿಯಲ್ಲಿ ಜನವರಿ 16ರಂದು ಸಂತ ಜೋಸೆಫ್ ವಾಸ್‌ರ ಹಬ್ಬಕ್ಕೆ ನಾವಿದ್ದೆವು. ನಮ್ಮ ಮನೆತನ ನೌಕರಿಗಾಗಿ ಕರಾವಳಿಯಿಂದ ಇಲ್ಲಿಗೆ ಬಂದದ್ದು. ಆದ್ದರಿಂದ ಮುಡಿಪುವಿನ ಅವರ ಪುಣ್ಯಕ್ಷೇತ್ರ ನನಗೆ ಬಾಲ್ಯದಿಂದ ಗೊತ್ತು. ಆದರೆ ಅವರ ಜೀವನ ಗೊತ್ತಿರಲಿಲ್ಲ. 1651ರಲ್ಲಿ ಗೋವೆಯಲ್ಲಿ ಹುಟ್ಟಿದ ಅವರು 1681ರಿಂದ 1684ರವರೆಗೆ ನಮ್ಮ ಕೆನರಾದಲ್ಲಿದ್ದು, 1687ರಲ್ಲಿ ಕೂಲಿಯಾಳಿನ ವೇಷದಲ್ಲಿ ಲಂಕೆಗೆ ಇಳಿದರು. ಕರಾವಳಿಯನ್ನಾಳುತ್ತಿದ್ದ ಡಚ್ಚರು ಕಥೋಲಿಕ ಗುರುಗಳನ್ನು ನಿಷೇಧಿಸಿದ್ದ ಕಾಲವದು. 1692ರಲ್ಲಿ ಕ್ಯಾಂಡಿಯ ರಾಜ ಅವರನ್ನು ಪೋರ್ಚುಗೀಸರ ಗೂಢಚಾರನೆಂದು ಸೆರೆಯಲ್ಲಿಟ್ಟ. 1697ರಲ್ಲಿ ಸಿಡುಬು ಹರಡಿ ಜನ ಊರು ಬಿಟ್ಟು ಓಡಿದಾಗ, ವಾಸರೂ ಗುರುವಾಗಿದ್ದ ಅವರ ಸೋದರಳಿಯನೂ ರೋಗಿಗಳ ನಡುವೆ ಉಳಿದು ಕೀವು ತೊಳೆದರು, ಸತ್ತವರನ್ನು ಹೂತರು. ತಮಿಳು ಕಲಿತರು, ಸಿಂಹಳ ಕಲಿತರು. 1711ರಲ್ಲಿ ಕ್ಯಾಂಡಿಯಲ್ಲೇ ತೀರಿಕೊಂಡರು. ಗೋವೆಗೆ ಮರಳಲೇ ಇಲ್ಲ. 2015ರಲ್ಲಿ ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಿದರು. ಅವರದು ಇಪ್ಪತ್ನಾಲ್ಕು ವರ್ಷ, ನಮ್ಮದು ಮೂರು ವಾರ. ಎರಡಕ್ಕೂ ನಾವು ಮಿಷನ್ ಎಂಬ ಒಂದೇ ಪದ ಬಳಸುತ್ತೇವೆ!

ಈ ಮಾತನ್ನು ನಮ್ಮ ಗುರುಗಳಲ್ಲಿ ಆಡಿದಾಗ ಅವರು ನಕ್ಕು, "ಬಿಜಾಪುರಕ್ಕೂ ಒಬ್ಬ ಬಿಷಪ್ಪರಿದ್ದರು, ಕೇಳಿದ್ದೀಯಾ?" ಎಂದರು. ಕೇಳಿರಲಿಲ್ಲ. ಗೋವೆಯ ದಿವಾಡಿಯ ಮಾತೇವುಸ್ ದ ಕಾಸ್ತ್ರೊ ಸ್ಥಳೀಯನೆಂಬ ಕಾರಣಕ್ಕೆ ಅಲ್ಲಿ ಗುರುದೀಕ್ಷೆ ದೊರೆಯದೆ, 1625ರ ಸುಮಾರಿಗೆ ದೂರದ ರೋಮ್ ಸೇರಿದರು. ಅಲ್ಲಿ ಓದಿ ಗುರುವಾಗಿ, 1637ರಲ್ಲಿ ಬಿಷಪ್ಪರೂ ಆದರು. ಲತೀನ್ ವಿಧಿಯ ಮೊದಲ ಭಾರತೀಯ ಬಿಷಪ್ಪರು ಅವರೇ. ಅವರಿಗೆ ವಹಿಸಿದ ಪ್ರದೇಶದ ಹೆಸರು ಇದಲ್ಕಾನ್, ಅಂದರೆ ಪೋರ್ಚುಗೀಸರ ಬಾಯಲ್ಲಿ ಆದಿಲ್ ಖಾನನ ರಾಜ್ಯ, ನಮ್ಮ ಬಿಜಾಪುರ. ಗೋಳಗುಮ್ಮಟದೊಳಗೆ ಮಲಗಿರುವ ಮುಹಮ್ಮದ್ ಆದಿಲ್ ಶಾಹನೇ ಆಗ ಅರಸ. ಅವರು ನೆಲೆಸಿದ್ದು ಈ ನಗರದಲ್ಲಲ್ಲ, ಅಂದು ಬಿಜಾಪುರದ ಅಧೀನದಲ್ಲಿದ್ದ ಗೋವೆಯ ಡಿಚೋಲಿಯಲ್ಲಿ. ಪೋರ್ಚುಗೀಸರೊಡನೆ ಕಡೆಯವರೆಗೂ ಕಾದಾಡಿ, ಕೊನೆಗೆ ರೋಮ್‌ನಲ್ಲೇ ಅಸುನೀಗಿದರು. ಅವರಿಗಾದ ಅನ್ಯಾಯ ನಿಜ. ಆದರೂ ಆ ಕಹಿ ಅವರನ್ನು ಬಿಡಲಿಲ್ಲವೇನೋ ಎನಿಸುತ್ತದೆ. ಮುಂದೆ ಅವರ ಸೋದರಳಿಯ ತೋಮಸ್ ದ ಕಾಸ್ತ್ರೊ ಕೆನರಾದ ಬಿಷಪ್ಪರಾಗಿದ್ದಾಗ ಗೋವೆಗೂ ಅವರಿಗೂ ಎದ್ದ ಜಗಳದ ನಡುವೆ ಸಮಾಧಾನಕ್ಕೆ ಯತ್ನಿಸಿದವರು ಇದೇ ಜೋಸೆಫ್ ವಾಸ್.

ಅಲ್ಲಿಂದಾಚೆ ಶತಮಾನಗಳು ಉರುಳಿವೆ. 2005ರಲ್ಲಿ ಗುಲ್ಬರ್ಗ ಧರ್ಮಪ್ರಾಂತ್ಯ ರಚನೆಯಾದಾಗ ನಮ್ಮ ಜಿಲ್ಲೆ ಅದಕ್ಕೆ ಸೇರಿತು. ಇಂದಿಗೂ ನಾವು ಬೆರಳೆಣಿಕೆಯ ಕುಟುಂಬಗಳೇ. ಅವರಲ್ಲಿ ಕೆಲವರು ದೂರದ ಹಳ್ಳಿಗಳಲ್ಲಿದ್ದಾರೆ. ಸಮುದ್ರ ದಾಟಿ ಬಂದ ನಾನು, ಒಂದು ಗಂಟೆಯೊಳಗಿನ ಬಸ್ ದಾರಿಯ ತಿಕೋಟಾದಲ್ಲಿ ಅಜ್ಜನ ಮನೆಯನ್ನು ಒಮ್ಮೆಯೂ ನೋಡಿರಲಿಲ್ಲ.

ತಪಸ್ಸುಕಾಲದ ಒಂದು ಶನಿವಾರ ಗುರುಗಳೊಡನೆ ಹೊರಟೆ. ಮೊದಲು ಬಬಲೇಶ್ವರಕ್ಕೆ, ಅಲ್ಲಿ ಹಾಸಿಗೆ ಹಿಡಿದ ವೃದ್ಧೆಯೊಬ್ಬರಿಗೆ ಪರಮಪ್ರಸಾದ ಕೊಡುವುದಿತ್ತು. ಆಕೆ ಜಪಸರ ಹೇಳಲು ಜೊತೆಗೆ ಯಾರೂ ಇಲ್ಲವೆಂದರು. ಐದು ರಹಸ್ಯಗಳನ್ನು ಹೇಳಿ ಎದ್ದೆವು. ಮತ್ತೆ ಯಾವಾಗ ಬರುತ್ತೀರಿ ಎಂಬುದೊಂದೇ ಅವರ ಪ್ರಶ್ನೆ.

ತಿಕೋಟಾದಲ್ಲಿ ಒಣದ್ರಾಕ್ಷಿಯ ಕಾಲ. ದ್ರಾವಣದಲ್ಲಿ ಅದ್ದಿದ ಗೊನೆಗಳನ್ನು ಶೆಡ್ಡಿನೊಳಗೆ ಅಂತಸ್ತು ಅಂತಸ್ತಾಗಿ ಬಲೆಗಳ ಮೇಲೆ ಹರವಿದ್ದರು. ಒಣಗಲು ಸುಮಾರು 15 ದಿನ ಬೇಕು. ಅಜ್ಜ ಮಾತಿಗೆ ಮೊದಲು ಕೆಲಸ ಕೊಟ್ಟರು. ಮಧ್ಯಾಹ್ನದವರೆಗೆ ಕಡ್ಡಿ ಆರಿಸಿದೆ. ಕುಯಿಲು ಮುಗಿದ ಮೇಲೆ ಏಪ್ರಿಲ್ ಚಾಟ್ನಿ, ಆಗ ಬಳ್ಳಿಯನ್ನು ಬೋಳಾಗಿಸುತ್ತೇವೆ, ಹೊಸಬರು ನೋಡಿದರೆ ಸತ್ತೇ ಹೋಯಿತೆನ್ನುತ್ತಾರೆ ಎಂದು ವಿವರಿಸಿದರು. ಯೊವಾನ್ನರ ಶುಭಸಂದೇಶದ ದ್ರಾಕ್ಷಾಬಳ್ಳಿಯನ್ನು ಎಷ್ಟೋ ಸಲ ಕೇಳಿದ್ದ ನನಗೆ ಕತ್ತರಿಯ ಕೆಲಸ ಇಷ್ಟು ಕಟುವೆಂದು ಗೊತ್ತಿರಲಿಲ್ಲ.

ರೊಟ್ಟಿ ತಿನ್ನುತ್ತ, ಅಂದು ಹೇಳದೆ ಬಿಟ್ಟದ್ದನ್ನು ಹೇಳಿದೆ: ಕಟುವಾಪಿಟಿಯದ ಪ್ರತಿಮೆ, ಆ ತಾಯಿ, ಅವರ ಮಾತು, ಚಹಾ. ಅಜ್ಜ ಬಹಳ ಹೊತ್ತು ಸುಮ್ಮನಿದ್ದರು.

"ಆ ತಾಯಿ ಹೆಸರೇನು? ಜಪಸರದಾಗ ನೆನಸ್ತೀನಿ."

ನಾನು ಹೆಸರು ಕೇಳಿರಲಿಲ್ಲ.

ನಮ್ಮ ಗುರುಗಳಿಂದ ವಿಳಾಸ ಪಡೆದು ಅಲ್ಲಿಗೆ ಪತ್ರ ಬರೆದಿದ್ದೇನೆ, ಉತ್ತರ ಬರಬೇಕಷ್ಟೆ. ಪ್ರತಿ ಭಾನುವಾರ ಪೂಜೆಯ ನಂತರ ಅಜ್ಜ ವಿಚಾರಿಸುತ್ತಾರೆ. ಈ ಶನಿವಾರ ಬಬಲೇಶ್ವರಕ್ಕೆ ಮತ್ತೆ ಹೋಗುವುದಿದೆ.