ಸೆಲ್‌ಗಳ ಲೆಕ್ಕದಲ್ಲಿ ಸೋತ ಆಟದ ಯಂತ್ರ

ಟಿ.ವಿ.ಗೆ ಜೋಡಿಸಿ ಆಡುವ ವಿಡಿಯೋ ಗೇಮ್ ಯಂತ್ರವನ್ನು ಕೈಯಲ್ಲಿ ಹಿಡಿದೊಯ್ಯುವಂತೆ ಮಾಡುವುದು ಹೊರನೋಟಕ್ಕೆ ಸುಲಭದ ಕಾರ್ಯ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಬೆಂಜಮಿನ್ ಹೆಕೆನ್‌ಡಾರ್ನ್ 2000ರಲ್ಲಿ ಹಳೆಯ ಅಟಾರಿ 2600 ಯಂತ್ರವನ್ನು ಹೀಗೆ ಮಾರ್ಪಡಿಸಿ ಹೆಸರಾದರು. ಆದರೆ ಒಂದನ್ನು ತಯಾರಿಸುವುದು ಬೇರೆ, ಸಾವಿರಾರು ಮಾಡಿ ಅಂಗಡಿಗೆ ಇಳಿಸುವುದು ಬೇರೆ.

ಜಪಾನಿನ ಸೆಗಾ ಕಂಪನಿಯು 1995ರಲ್ಲಿ ತನ್ನ ಜನಪ್ರಿಯ ಜೆನೆಸಿಸ್ ಯಂತ್ರವನ್ನೇ ಕಿರಿದುಗೊಳಿಸಿ ‘ನೊಮ್ಯಾಡ್’ ಎಂಬ ಹೆಸರಿನಲ್ಲಿ ಅಮೆರಿಕದ ಮಾರುಕಟ್ಟೆಗೆ ತಂದಿತು. ಗ್ರಾಹಕರ ಬಳಿ ಆಗಲೇ ಇದ್ದ ಕಾರ್ಟ್ರಿಜ್‌ಗಳೇ ಇದಕ್ಕೂ ಒಪ್ಪುತ್ತಿದ್ದುದರಿಂದ ಹೊಸ ಆಟಗಳನ್ನು ಸಿದ್ಧಪಡಿಸುವ ವೆಚ್ಚವಿರಲಿಲ್ಲ. ಬೇಕೆನಿಸಿದರೆ ಟಿ.ವಿ.ಗೂ ಜೋಡಿಸಬಹುದಿತ್ತು. ಯೋಜನೆ ಜಾಣತನದ್ದೇ.

ತೊಡಕು ಬಂದದ್ದು ವಿದ್ಯುತ್ತಿನಲ್ಲಿ. ಜೆನೆಸಿಸ್ ರೂಪುಗೊಂಡದ್ದು ಗೋಡೆಯ ಪ್ಲಗ್ಗನ್ನು ನಂಬಿ. ಅದರ ಮೇಲೆ ಬಣ್ಣದ ಪರದೆಯ ಹಿಂಬದಿ ದೀಪ ಬೇರೆ. ಆರು ಎಎ ಸೆಲ್‌ಗಳು ಎರಡು ಮೂರು ಗಂಟೆಗಳಲ್ಲಿ ಬರಿದಾಗುತ್ತಿದ್ದವು. ನಿಂಟೆಂಡೊದ 1989ರ ಗೇಮ್ ಬಾಯ್‌ಗೆ ಬಣ್ಣವೂ ಇರಲಿಲ್ಲ, ದೀಪವೂ ಇರಲಿಲ್ಲ; ಆದರೂ ಅದು ನಾಲ್ಕೇ ಸೆಲ್‌ಗಳಲ್ಲಿ ಹತ್ತು ಗಂಟೆಗೂ ಮಿಕ್ಕಿ ನಡೆಯುತ್ತಿತ್ತು. ಸುಮಾರು 180 ಡಾಲರ್ ತೆತ್ತು ನೊಮ್ಯಾಡ್ ಕೊಂಡವನು ಬಳಿಕ ಸೆಲ್‌ಗಳಿಗೂ ಹಣ ಸುರಿಯುತ್ತಲೇ ಇರಬೇಕಾಯಿತು. ಅದೇ ವರ್ಷ ಸೆಗಾ ತನ್ನ ಹೊಸ ಸ್ಯಾಟರ್ನ್ ಯಂತ್ರವನ್ನೂ ಅಲ್ಲಿ ಬಿಡುಗಡೆ ಮಾಡಿತ್ತು. ಹೊಸ ಸರಕು ಮುಂದಿರುವಾಗ ಹಳೆಯ ತಲೆಮಾರಿನದನ್ನು ಕೇಳುವವರಾರು?

2017ರಲ್ಲಿ ಬಂದ ನಿಂಟೆಂಡೊ ಸ್ವಿಚ್‌ನ ಮೂಲ ವಿಚಾರವೂ ಇದೇ: ಮನೆಯಲ್ಲಿ ಟಿ.ವಿ.ಗೆ, ಹೊರಗೆ ಕೈಗೆ. ಆದರೆ ಅದರಲ್ಲಿದ್ದುದು ಮೊಬೈಲ್ ಸಾಧನಗಳಿಗೆಂದೇ ರೂಪಿಸಿದ ಟೆಗ್ರಾ ಚಿಪ್ ಮತ್ತು ಲಿಥಿಯಂ ಬ್ಯಾಟರಿ. ಮೊದಲ ಮಾದರಿಯೂ ಕೆಲವು ಆಟಗಳಲ್ಲಿ ಎರಡೂವರೆ ಗಂಟೆಯಷ್ಟೇ ನಿಲ್ಲುತ್ತಿತ್ತು. ಆದರೆ ಮುಗಿದೊಡನೆ ಸೆಲ್ ಕೊಳ್ಳಲು ಅಂಗಡಿಗೆ ಓಡಬೇಕಿರಲಿಲ್ಲ. ಸ್ವಿಚ್‌ನ ಮಾರಾಟ 15 ಕೋಟಿ ದಾಟಿದೆ.