ಹಳೆ ಗೋಡೆಗೆ ಕಟ್ಟರ್ ಇಡುವ ಮುಂಚೆ

ಮನೆಯಲ್ಲಿ ಮದುವೆ ನಿಶ್ಚಯ ಆಯ್ತು ಅಂದ್ರೆ ನಮ್ಮಲ್ಲಿ ಮೊದಲು ಬರುವುದು ಮೇಸ್ತ್ರಿ. ಹಾಲ್ ದೊಡ್ಡದಾಗಬೇಕು, ಹೊಸ ಕೋಣೆಗೆ ಎಸಿ ಬೇಕು, ಅಡುಗೆಕೋಣೆಗೆ ಇನ್ನೊಂದು ಬಾಗಿಲು ಬೇಕು. ಗಲ್ಫ್‌ನಲ್ಲಿರುವ ಮಗ ಹಣ ಕಳಿಸ್ತಾನೆ, ಅವನು ರಜೆಗೆ ಬರುವಷ್ಟರಲ್ಲಿ ಕೆಲಸ ಮುಗಿಯಬೇಕು. ಈ ಅವಸರದಲ್ಲಿ ಅಜ್ಜನ ಕಾಲದ ಗೋಡೆಗೆ ಕಟ್ಟರ್ ಇಡ್ತೇವೆ. ಆ ಗೋಡೆ ಏನನ್ನು ಹೊತ್ತು ನಿಂತಿದೆ ಎಂದು ಕೇಳುವವರು ಕಡಿಮೆ.

ನಮ್ಮ ಕರಾವಳಿಯ ಹಳೆ ಹಂಚಿನ ಮನೆಗಳಲ್ಲಿ ಹೆಚ್ಚಾಗಿ ಕಾಂಕ್ರೀಟ್ ಕಂಬ ಇಲ್ಲ. ಮುರಕಲ್ಲಿನ ಅಥವಾ ಮಣ್ಣಿನ ಗೋಡೆಯೇ ಕಂಬ. ಹಂಚು, ರೀಪು, ಪಕ್ಕಾಸಿನ ಭಾರವೆಲ್ಲ ಅದರ ಮೇಲೆ. ಹೊಸ ಬಾಗಿಲು ಇಡುವುದಾದ್ರೆ ಮೊದಲು ಮೇಲಿನ ಭಾರಕ್ಕೆ ಆಧಾರ ಕೊಟ್ಟು, ಲಿಂಟಲ್ ಕೂರಿಸಿ, ಅದು ಗಟ್ಟಿಯಾದ ಮೇಲೆಯೇ ಕೆಳಗೆ ಒಡೆಯಬೇಕು. ಒಮ್ಮೆ ಇಂಜಿನಿಯರ್‌ಗೆ ತೋರಿಸುವ ಖರ್ಚು ದೊಡ್ಡದಲ್ಲ.

ವಯರ್, ಪೈಪಿಗೆ ಕೊರೆಯುವುದಕ್ಕೂ ಲೆಕ್ಕ ಇದೆ. ಮೇಲಿಂದ ಕೆಳಗೆ ಕೊರೆಯುವುದಾದ್ರೆ ಗೋಡೆಯ ದಪ್ಪದ ಮೂರರಲ್ಲಿ ಒಂದು ಪಾಲು, ಅಡ್ಡಕ್ಕೆ ಆದ್ರೆ ಆರರಲ್ಲಿ ಒಂದು ಪಾಲು ಮೀರಬಾರದು. ಅಂದ್ರೆ 9 ಇಂಚಿನ ಗೋಡೆಗೆ ಉದ್ದಕ್ಕೆ 3 ಇಂಚು, ಅಡ್ಡಕ್ಕೆ ಒಂದೂವರೆ ಇಂಚು. ಅಡ್ಡ ಕೊರೆತವೇ ಗೋಡೆಯನ್ನು ಹೆಚ್ಚು ಬಲಹೀನ ಮಾಡುವುದು.

ಹಳೆ ಸುಣ್ಣದ ಸಾರಣೆಯನ್ನು ಮೊದಲು ಬೆರಳಿನಿಂದ ತಟ್ಟಿ ನೋಡಿ. ಪೊಳ್ಳು ಶಬ್ದ ಬಂದ್ರೆ ಅದು ಕಲ್ಲು ಬಿಟ್ಟಿದೆ ಎಂದರ್ಥ. ನೇರ ಉಳಿ, ಸುತ್ತಿಗೆ ಹಾಕಿದ್ರೆ ಬೇಕಾದ ಎರಡು ಇಂಚಿನ ಜೊತೆ ಎರಡು ಅಡಿಯೂ ಕಳಚಿ ಬೀಳ್ತದೆ. ಎರಡೂ ಬದಿ ಕಟ್ಟರ್‌ನಿಂದ ಗೆರೆ ಹಾಕಿ, ಮಧ್ಯದ್ದನ್ನು ಮಾತ್ರ ಮೆಲ್ಲ ತೆಗೆಯಬೇಕು. ಮುಚ್ಚುವಾಗ ಸುಣ್ಣದ ಗಾರೆಯೇ ಒಳ್ಳೆಯದು. ನಮ್ಮ ಮಳೆಗಾಲದಲ್ಲಿ ಗೋಡೆ ಹೀರಿದ ನೀರು ಸುಣ್ಣದ ಮೂಲಕ ಹೊರಗೆ ಹೋಗ್ತದೆ. ಗಟ್ಟಿ ಸಿಮೆಂಟ್ ಬಳಿದ್ರೆ ತೇವ ಒಳಗೇ ಉಳಿದು ಬಣ್ಣ ಏಳ್ತದೆ.

ಕೊರೆಯುವ ಮುಂಚೆ ಆ ಗೋಡೆಯ ಕರೆಂಟ್ ಮೈನ್‌ನಲ್ಲೇ ಆಫ್ ಮಾಡಿ. ಸ್ವಿಚ್‌ಬೋರ್ಡಿನ ನೇರ ಮೇಲೆ, ನೇರ ಕೆಳಗೆ ವಯರ್ ಇರುವ ಸಾಧ್ಯತೆ ಹೆಚ್ಚು. ಹೊಸ ಪೈಪ್ ಮುಚ್ಚುವ ಮುಂಚೆ ಟೇಪ್ ಹಿಡಿದು ಒಂದು ಫೋಟೋ ತೆಗೆದಿಡಿ. ಮುಂದೆ ಮೊಳೆ ಹೊಡೆಯುವವರಿಗೆ ಉಪಕಾರ ಆಗ್ತದೆ.

ಇನ್ನು ಧೂಳು. ಮರಳಿನ ಸಾರಣೆ ಕೊರೆದಾಗ ಏಳುವ ಸಣ್ಣ ಸಿಲಿಕಾ ಕಣ ಶ್ವಾಸಕೋಶದಲ್ಲಿ ಕೂರ್ತದೆ. ವರ್ಷಗಟ್ಟಲೆ ಅದನ್ನು ಉಸಿರಾಡಿದವರಿಗೆ ಸಿಲಿಕೋಸಿಸ್ ಬರಬಹುದು, ಅದಕ್ಕೆ ವಾಸಿ ಮಾಡುವ ಮದ್ದಿಲ್ಲ. ಮುಖಕ್ಕೆ ಕಟ್ಟಿದ ಬೈರಾಸು ಅದನ್ನು ತಡೆಯುವುದಿಲ್ಲ. ಕೆಲಸದವರಿಗೆ ಎನ್-95 ಮಾಸ್ಕ್ ತಂದುಕೊಡಿ, ಮಕ್ಕಳನ್ನೂ ದಮ್ಮಿನ ಕಾಯಿಲೆಯ ಹಿರಿಯರನ್ನೂ ಆ ದಿನ ಬೇರೆ ಮನೆಗೆ ಕಳಿಸಿ. ಕಸವನ್ನು ನೀರು ಚಿಮುಕಿಸಿಯೇ ಗುಡಿಸಿ.

ಮದುವೆಯ ದಿನ ಬಂದವರು ಟೈಲ್ಸ್ ನೋಡಿ ಹೊಗಳ್ತಾರೆ. ಆದರೆ ಜೂನ್ ತಿಂಗಳ ಮಳೆಯಲ್ಲಿ ಮಕ್ಕಳು ಮಲಗುವುದು ಆ ಗೋಡೆಯ ಬುಡದಲ್ಲಿ. ಅದಕ್ಕೆ ಎರಡು ದಿನ ಹೆಚ್ಚು ಹೋದ್ರೂ ಹೋಗಲಿ.