ಕರಟದ ಇದ್ದಿಲೂ ಕ್ಷೇಮವಿಧಿಯೂ

ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳು ತೆಂಗಿನ ಸೀಮೆಯೆಂದು ಪ್ರಸಿದ್ಧವಾಗಿರುವುದು ಸರ್ವವಿದಿತ. ಇಲ್ಲಿಯ ರೈತರು ಬಲಿತ ಕಾಯನ್ನು ಸಿಪ್ಪೆಯೊಡನೆ ಅಟ್ಟದ ಮೇಲೆ ಹಲವು ತಿಂಗಳು ಇಟ್ಟು, ಒಳಗಿನ ನೀರು ಬತ್ತಿ ತಿರುಳು ಕರಟವನ್ನು ಬಿಟ್ಟ ಮೇಲೆ ಸುಲಿದು ಒಡೆದು ಉಂಡೆಕೊಬ್ಬರಿಯನ್ನು ತೆಗೆಯುತ್ತಾರೆ. ಈ ಕೆಲಸದಲ್ಲಿ ಕಾಲವೇ ಕರ್ತೃ. ರಾಸಾಯನಿಕ ದ್ರವ್ಯದ ಅಪೇಕ್ಷೆಯಿಲ್ಲ. ಕೊಬ್ಬರಿ ತಿಪಟೂರಿನ ಮಾರುಕಟ್ಟೆಗೂ ಸಿಪ್ಪೆ ನಾರಿನ ಕೆಲಸಕ್ಕೂ ಹೋದ ಮೇಲೆ ಉಳಿಯುವುದು ಕರಟ. ಹಿಂದೆ ಇದು ಒಲೆಗೆ ಸೌದೆಯಾಗುತ್ತಿದ್ದಿತು. ಈಗ ಇದನ್ನು ಸುಟ್ಟು ಇದ್ದಿಲು ಮಾಡುವರು. ಆ ಇದ್ದಿಲಿನಿಂದ ನೀರನ್ನೂ ಗಾಳಿಯನ್ನೂ ಶೋಧಿಸತಕ್ಕ ಪಟುಕೃತ ಇಂಗಾಲವನ್ನು, ಅಂದರೆ ಆಕ್ಟಿವೇಟೆಡ್ ಕಾರ್ಬನ್ನನ್ನು, ತಯಾರಿಸುವರು. ಇಲ್ಲಿ ಕರ್ತೃವು ಅಗ್ನಿ. ಅಟ್ಟದಲ್ಲಿಲ್ಲದ ಅಪಾಯಗಳು ಭಟ್ಟಿಯಲ್ಲಿ ಉಂಟು. ಅವು ಯಾವುವು, ಅವನ್ನು ತಡೆಯಲು ಶಾಸನವು ಏನನ್ನು ವಿಧಿಸಿತು, ಆ ವಿಧಿ ಎಲ್ಲಿಯವರೆಗೆ ಮುಟ್ಟುತ್ತದೆ ಎಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

೧. ಪೂರ್ವಿಕರ ದೃಷ್ಟಿ

ಸಂಸ್ಕೃತದ ‘ಅಂಗಾರ’ ಶಬ್ದವು ಪ್ರಾಕೃತದಲ್ಲಿ ‘ಇಂಗಾಲ’ವಾಗಿ, ಕನ್ನಡದಲ್ಲಿ ‘ಇಂಗಳ’ವಾಯಿತು. ವಿಜ್ಞಾನವನ್ನು ಕನ್ನಡಿಸಿದವರು ಮೂಲವಸ್ತುವೊಂದಕ್ಕೆ ‘ಇಂಗಾಲ’ವೆಂಬ ಹೆಸರನ್ನೇ ಇಟ್ಟರು. ಜೈನಾಗಮದಲ್ಲಿ ಶ್ರಾವಕನಿಗೆ ನಿಷಿದ್ಧವಾದ ಹದಿನೈದು ವೃತ್ತಿಗಳ ಎಣಿಕೆಯಲ್ಲಿ ಮೊದಲನೆಯದು ‘ಇಂಗಾಲಕರ್ಮ’, ಅಂದರೆ ಇದ್ದಿಲು ಸುಡುವುದು ಮೊದಲಾದ ಕೆಲಸ. ಅಲ್ಲಿ ನಿಷೇಧಕ್ಕೆ ಕಾರಣ ಪ್ರಾಣಿಹಿಂಸೆ. ೧೯೦೯ರಲ್ಲಿ ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳಿಂದ ಪ್ರಕಟವಾದ ಕೌಟಿಲ್ಯನ ಅರ್ಥಶಾಸ್ತ್ರವು ಬೇರೆ ಮಾರ್ಗವನ್ನು ಹಿಡಿಯುತ್ತದೆ. ಅದು ವೃತ್ತಿಯನ್ನು ನಿಷೇಧಿಸದೆ ನಿಯಮಿಸುತ್ತದೆ: ಬೆಂಕಿಯಿಂದ ಜೀವಿಸುವವರನ್ನು ಒಂದೇ ಕಡೆ ನೆಲೆಗೊಳಿಸತಕ್ಕದ್ದು, ಮನೆಯವರು ನೀರಿನ ಕೊಡ, ಏಣಿ, ಕೊಡಲಿ, ಕೊಕ್ಕೆ ಮುಂತಾದವನ್ನು ಸಿದ್ಧವಾಗಿಟ್ಟುಕೊಳ್ಳದಿದ್ದರೆ ಕಾಲು ಪಣದ ದಂಡ. ಅಪಘಾತವಾಗುವುದಕ್ಕೆ ಮೊದಲೇ, ಸಿದ್ಧತೆಯಿಲ್ಲದಿರುವುದನ್ನೇ ಅಪರಾಧವೆಂದೆಣಿಸುವುದು ಇದರ ತತ್ತ್ವ. ಆಧುನಿಕ ಕಾರ್ಖಾನೆಯ ಶಾಸನಕ್ಕೂ ಇದೇ ತಳಹದಿ.

೨. ಭಟ್ಟಿಯ ವ್ಯಾಪಾರ

ಕರಟವನ್ನು ಗುಂಡಿಯಲ್ಲಾಗಲಿ, ಇಟ್ಟಿಗೆಯ ಭಟ್ಟಿಯಲ್ಲಾಗಲಿ, ಕಬ್ಬಿಣದ ಪೀಪಾಯಿಯಲ್ಲಾಗಲಿ ತುಂಬಿ ಹೊತ್ತಿಸಿ, ಗಾಳಿಯ ದಾರಿಯನ್ನು ಕ್ರಮವಾಗಿ ಮುಚ್ಚುವರು. ಗಾಳಿ ಸಾಲದೆ ಕರಟವು ಉರಿದು ಬೂದಿಯಾಗದೆ ಕರಿಕಾಗುತ್ತದೆ. ಚೆನ್ನಾಗಿ ನಡೆದ ಭಟ್ಟಿಯಲ್ಲಿ ನೂರು ಪಾಲು ಕರಟಕ್ಕೆ ಸುಮಾರು ಮೂವತ್ತು ಪಾಲು ಇದ್ದಿಲು ದೊರೆಯುವುದು. ಉಳಿದುದು ನೀರಾವಿ, ಟಾರು, ಹುಳಿಯಾದ ದ್ರವಗಳ ಹಬೆ, ಮೀಥೇನ್, ಜಲಜನಕ, ಕಾರ್ಬನ್ ಮಾನಾಕ್ಸೈಡ್ ಎಂಬ ರೂಪಗಳಲ್ಲಿ ಹೊರಟುಹೋಗುವುದು. ನೆರೆಯವರ ಕಣ್ಣನ್ನು ಉರಿಸುವ ಹೊಗೆಯೆಂದರೆ ಇದೇ.

ಪಟುಕೃತ ಇಂಗಾಲವನ್ನು ಮಾಡುವಾಗ ಈ ಇದ್ದಿಲನ್ನು ಸುಮಾರು ೮೦೦ರಿಂದ ೧೦೦೦ ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯಿಸಿ ಅದರ ಮೇಲೆ ನೀರಾವಿಯನ್ನು ಹಾಯಿಸುವರು. ಆವಿಯು ಇಂಗಾಲದ ಸ್ವಲ್ಪ ಭಾಗವನ್ನು ತಿಂದು, ಕಣ್ಣಿಗೆ ಕಾಣದ ಅಸಂಖ್ಯ ರಂಧ್ರಗಳನ್ನು ಕೊರೆಯುತ್ತದೆ. ವಸ್ತುವಿನ ಹೀರುವ ಶಕ್ತಿಗೆ ಈ ರಂಧ್ರಗಳೇ ಕಾರಣ. ಈ ಕ್ರಿಯೆಯಲ್ಲಿ ಹುಟ್ಟುವ ಅನಿಲಗಳು ಎರಡು, ಜಲಜನಕ ಮತ್ತು ಕಾರ್ಬನ್ ಮಾನಾಕ್ಸೈಡ್. ಎರಡೂ ಉರಿಯತಕ್ಕವು. ಗಾಳಿಯಲ್ಲಿ ಜಲಜನಕವು ನೂರಕ್ಕೆ ೪ ಪಾಲು, ಮಾನಾಕ್ಸೈಡು ನೂರಕ್ಕೆ ೧೨.೫ ಪಾಲು ಸೇರಿದರೆ ಕಿಡಿಯೊಂದರಿಂದ ಸಿಡಿಯಬಲ್ಲವು.

೩. ಅಪಾಯಗಳು

ಮೊದಲನೆಯದು ವಿಷಾನಿಲ. ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಕೆಂಪುದ್ರವ್ಯವು ಆಮ್ಲಜನಕಕ್ಕಿಂತ ಇದನ್ನು ಇನ್ನೂರು ಪಟ್ಟಿಗೂ ಮೇಲ್ಪಟ್ಟ ಬಲದಿಂದ ಹಿಡಿದುಕೊಳ್ಳುತ್ತದೆ. ತಲೆನೋವು, ತಲೆಸುತ್ತು, ಕಾಲಿನ ನಿಶ್ಶಕ್ತಿ, ಬಳಿಕ ಮೂರ್ಛೆ ಎಂಬುದು ಇದರ ಕ್ರಮ. ಕಾಲು ಸೋತ ಮೇಲೆ ಓಡಬೇಕೆಂಬ ಬುದ್ಧಿಯಿದ್ದರೂ ಫಲವಿಲ್ಲ. ಹೊಗೆ ಕಡಮೆಯಾದರೆ ಅಪಾಯವೂ ಕಡಮೆಯಾಯಿತೆಂಬ ನಂಬಿಕೆ ತಪ್ಪು.

ಎರಡನೆಯದು ಬೆಂಕಿ. ಹೊಸ ಇದ್ದಿಲು ಗಾಳಿಯ ಆಮ್ಲಜನಕವನ್ನು ಹೀರಿ ತಾನಾಗಿಯೇ ಕಾಯುವುದುಂಟು. ಬಿಸಿ ಆರದೆ ಚೀಲಕ್ಕೆ ತುಂಬಿದ ರಾಶಿ ಗೋದಾಮಿನಲ್ಲಿ ಹೊತ್ತಿಕೊಳ್ಳಬಹುದು. ನುಣ್ಣಗಿನ ಇದ್ದಿಲಪುಡಿ ಗಾಳಿಯಲ್ಲಿ ಹಾರಾಡುತ್ತಿರುವಾಗ ಸ್ಫೋಟವೂ ಆಗಬಲ್ಲದು.

ಮೂರನೆಯದು ಅತ್ಯಂತ ಗೂಢವಾದುದು. ಒದ್ದೆಯಾದ ಪಟುಕೃತ ಇಂಗಾಲವು ಮುಚ್ಚಿದ ತೊಟ್ಟಿಯಲ್ಲಿದ್ದರೆ ಅಲ್ಲಿಯ ಗಾಳಿಯಿಂದ ಆಮ್ಲಜನಕವನ್ನು ಹೀರಿಬಿಡುತ್ತದೆ. ಸಾಮಾನ್ಯ ಗಾಳಿಯಲ್ಲಿ ಆಮ್ಲಜನಕವು ನೂರಕ್ಕೆ ಸುಮಾರು ೨೧ ಪಾಲು; ಅದು ೧೯.೫ಕ್ಕಿಂತ ಇಳಿದರೆ ಆ ಸ್ಥಳವು ಪ್ರವೇಶಕ್ಕೆ ಯೋಗ್ಯವಲ್ಲವೆಂದು ಎಣಿಸುವರು. ಇನ್ನೂ ಬಹಳ ಇಳಿದಿದ್ದರೆ ಒಳಗಿಳಿದವನು ಕೂಗುವುದಕ್ಕೂ ಅವಕಾಶವಿಲ್ಲದೆ ಬೀಳುತ್ತಾನೆ. ಅವನನ್ನು ಎತ್ತಲು ಹೋದ ಜೊತೆಗಾರನೂ ಬೀಳುತ್ತಾನೆ. ಮುಚ್ಚಿದ ತೊಟ್ಟಿಗಳ ದುರಂತಗಳಲ್ಲಿ ರಕ್ಷಿಸಹೋದವರೇ ಪ್ರಾಣ ಕಳೆದುಕೊಳ್ಳುವುದು ಲೋಕದಲ್ಲೆಲ್ಲಾ ಕಂಡುಬಂದಿರುವ ಸಂಗತಿ.

೪. ಶಾಸನದ ವಿಧಿ

೧೯೪೮ರ ಕಾರ್ಖಾನೆಗಳ ಶಾಸನದ ೩೬ನೆಯ ಕಲಮು ಈ ವಿಷಯದಲ್ಲಿ ಪ್ರಸಿದ್ಧವಾದುದು. ಅಪಾಯಕರವಾದ ಅನಿಲ, ಹಬೆ, ಆವಿ, ಧೂಳುಗಳು ಇರಬಹುದಾದ ಕೋಣೆ, ತೊಟ್ಟಿ, ಗುಂಡಿ, ಕೊಳವೆಗಳೊಳಕ್ಕೆ, ಸಾಕಷ್ಟು ದೊಡ್ಡ ಬಾಯಿಲ್ಲದೆ ಯಾರನ್ನೂ ಇಳಿಸಕೂಡದು. ಪರೀಕ್ಷೆ ಮಾಡಿ ಅರ್ಹನಾದವನು ಬರೆದುಕೊಟ್ಟ ಪತ್ರವಿರಬೇಕು. ಇಲ್ಲವೆ, ಇಳಿಯುವವನು ಉಸಿರಾಟದ ಸಾಧನವನ್ನೂ ನಡುಪಟ್ಟಿಯನ್ನೂ ಧರಿಸಿ, ಪಟ್ಟಿಗೆ ಕಟ್ಟಿದ ಹಗ್ಗದ ತುದಿಯನ್ನು ಹೊರಗಿರುವವನೊಬ್ಬನು ಹಿಡಿದಿರಬೇಕು ಎಂಬುದು ಅದರ ಸಾರಾಂಶ. ಮುಂದಿನ ಎರಡು ಕಲಮುಗಳು ಸ್ಫೋಟಕ ಧೂಳು-ಅನಿಲಗಳನ್ನೂ ಅಗ್ನಿನಿವಾರಣೆಯನ್ನೂ ಕುರಿತವು.

ಇಲ್ಲಿ ಒಂದು ಆಕ್ಷೇಪವು ಬರಬಹುದು. ಕಲಮಿನ ವಾಕ್ಯವು ‘ಇರುವ’ ಅನಿಲವನ್ನು ಹೇಳುತ್ತದೆ. ಇಂಗಾಲದ ತೊಟ್ಟಿಯಲ್ಲಿಯಾದರೋ ಅಪಾಯವು ಆಮ್ಲಜನಕದ ‘ಅಭಾವ’ದಿಂದ. ಹಾಗಾದರೆ ವಿಧಿಯು ಅಲ್ಲಿಗೆ ಅನ್ವಯಿಸದೆ? ಶಾಸ್ತ್ರಜ್ಞರ ಸಮಾಧಾನ ಸುಲಭವಾಗಿದೆ. ಕಾಗೆಗಳಿಂದ ಮೊಸರನ್ನು ಕಾಪಾಡೆಂದರೆ, ನಾಯಿ ಬಂದಾಗ ಸುಮ್ಮನಿರಬಹುದೆಂದು ಯಾರೂ ಅರ್ಥಮಾಡುವುದಿಲ್ಲವಷ್ಟೆ. ಕಾಗೆಯೆಂಬುದು ಮೊಸರನ್ನು ಕೆಡಿಸುವುದೆಲ್ಲಕ್ಕೂ ಉಪಲಕ್ಷಣ. ಅದರಂತೆ ಇಲ್ಲಿಯೂ ಉಸಿರನ್ನು ತಡೆಯುವುದೆಲ್ಲವೂ ತಾತ್ಪರ್ಯದಿಂದ ಗ್ರಾಹ್ಯವೆನ್ನಬೇಕು. ಆದರೆ ದಂಡವನ್ನು ವಿಧಿಸುವ ಶಾಸನದ ಅಕ್ಷರವನ್ನು ನ್ಯಾಯಾಲಯವು ಬಿಗಿಯಾಗಿ ಓದುವುದುಂಟು. ಆದುದರಿಂದ ಪರೀಕ್ಷಾಪತ್ರದಲ್ಲಿ ಆಮ್ಲಜನಕದ ಅಳತೆಯನ್ನೂ ಸ್ಪಷ್ಟವಾಗಿ ಬರೆಯಿಸುವುದೇ ವಿವೇಕ.

೧೯೮೪ನೆಯ ಡಿಸೆಂಬರ್ ೨-೩ರ ರಾತ್ರಿ ಭೋಪಾಲದಲ್ಲಿ ಮೀಥೈಲ್ ಐಸೊಸಯನೇಟ್ ಅನಿಲವು ಹೊರಬಿದ್ದು ಸಾವಿರಾರು ಜನ ಮಡಿದ ಬಳಿಕ, ೧೯೮೭ರಲ್ಲಿ ಈ ಶಾಸನಕ್ಕೆ ಹೊಸ ಅಧ್ಯಾಯವೊಂದು ಸೇರಿತು. ಪಟ್ಟಿಯಲ್ಲಿರುವ ಅಪಾಯಕರ ಉದ್ಯಮಗಳ ಒಡೆಯನು ಅಪಾಯದ ವಿವರವನ್ನು ಕೆಲಸಗಾರರಿಗೂ ಸುತ್ತಣ ಜನಕ್ಕೂ ತಿಳಿಸಬೇಕು; ಕೆಲಸಗಾರರಿಗೂ ಸಮಪಾಲಿರುವ ಕ್ಷೇಮಸಮಿತಿಯಿರಬೇಕು; ಅಪಾಯವು ಸನ್ನಿಹಿತವೆಂದು ಕಂಡರೆ ಎಚ್ಚರಿಸುವ ಹಕ್ಕು ಕೆಲಸಗಾರನಿಗೆ ಉಂಟು ಎಂಬುವು ಅದರ ಮುಖ್ಯ ವಿಧಿಗಳು.

೫. ವಿಧಿಯ ಮೇರೆ

ವಿಧಿಯು ಯಾರನ್ನು ಮುಟ್ಟುತ್ತದೆಂಬ ಪ್ರಶ್ನೆಯೇ ಈ ಸೀಮೆಗೆ ಮುಖ್ಯವಾದುದು. ೧೯೪೮ರ ಶಾಸನದಂತೆ ಯಂತ್ರಶಕ್ತಿಯಿದ್ದ ಕಡೆ ಹತ್ತು ಮಂದಿ, ಇಲ್ಲದ ಕಡೆ ಇಪ್ಪತ್ತು ಮಂದಿ ದುಡಿದರೆ ಅದು ಕಾರ್ಖಾನೆ. ೨೦೨೦ರಲ್ಲಿ ಸಂಸತ್ತು ಅಂಗೀಕರಿಸಿ, ೨೦೨೫ನೆಯ ನವೆಂಬರ್ ೨೧ರಿಂದ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯು ಹಳೆಯ ಶಾಸನದ ಸ್ಥಾನದಲ್ಲಿ ನಿಂತಿತು. ಅದರಲ್ಲಿ ಈ ಎಣಿಕೆಗಳು ಇಪ್ಪತ್ತಕ್ಕೂ ನಲವತ್ತಕ್ಕೂ ಏರಿವೆ. ತೊಟ್ಟಿಯ ಪ್ರವೇಶದಂಥ ವಿವರಗಳು ಮಾನಕಗಳಿಗೂ ನಿಯಮಗಳಿಗೂ ಬಿಡಲ್ಪಟ್ಟಿವೆ. ಕೆಲವೇ ಆಳುಗಳಿಂದ ತೋಟದ ಅಂಚಿನಲ್ಲಿ ನಡೆಯುವ ಗುಂಡಿಭಟ್ಟಿಯು ಎರಡು ಎಣಿಕೆಗಳಿಗೂ ಸಿಕ್ಕುವುದಿಲ್ಲ. ವಿಷಾನಿಲಕ್ಕಾದರೋ ಆಳುಗಳ ಎಣಿಕೆ ಗೊತ್ತಿಲ್ಲ. ದೊಡ್ಡ ಕಾರ್ಖಾನೆಯಲ್ಲಿ ಅಳೆಯುವ ಯಂತ್ರವೂ ಮೇಲ್ವಿಚಾರಕನೂ ಇರಬಹುದು. ಏನೂ ಇಲ್ಲದ ಕಡೆಯೇ ವಿಧಿಯೂ ಇಲ್ಲವಾಗುವುದು ವಿಪರ್ಯಾಸ.

ಈ ಕೊರತೆಗೆ ಎರಡು ದಾರಿಗಳಿವೆ. ಎಣಿಕೆ ಕಡಮೆಯಿದ್ದರೂ ಅಪಾಯಕರವಾದ ಕೆಲಸವನ್ನು ಪ್ರಕಟಣೆಯ ಮೂಲಕ ಸಂಹಿತೆಯ ವ್ಯಾಪ್ತಿಗೆ ತರಲು ಸರ್ಕಾರಕ್ಕೆ ಅಧಿಕಾರವುಂಟು. ಮತ್ತು ೧೯೮೧ರ ವಾಯುಮಾಲಿನ್ಯ ನಿವಾರಣಾ ಶಾಸನವು ಹೊಗೆಯನ್ನು ನೋಡುತ್ತದೆಯೇ ಹೊರತು ತಲೆಗಳನ್ನು ಎಣಿಸುವುದಿಲ್ಲ. ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಲಿಯು ತನ್ನ ಸಮ್ಮತಿಗೆ ಷರತ್ತುಗಳನ್ನು ಹಾಕಬಲ್ಲದು. ಹೊಗೆಯನ್ನು ಒಲೆಗೆ ತಿರುಗಿಸಿ ಸುಡುವ ಮುಚ್ಚುಭಟ್ಟಿಯಿಂದ ನೆರೆಯವರ ಕಷ್ಟವೂ ಕೆಲಸಗಾರನ ವಿಷಭಯವೂ ಒಟ್ಟಿಗೆ ಇಳಿಯುತ್ತವೆ. ಅನಿಲದ ಕಾವೂ ಉಪಯೋಗಕ್ಕೆ ಬರುತ್ತದೆ.

ಶಾಸನವು ಮುಟ್ಟುವವರೆಗೂ ಕಾಯದೆ ಆಚರಿಸತಕ್ಕವು ಕೆಲವುಂಟು. ಆರದ ಭಟ್ಟಿಗೆ ಇಳಿಯಬಾರದು. ಒಬ್ಬನೇ ಇಳಿಯಬಾರದು. ಹಗ್ಗವಿಲ್ಲದೆ ಇಳಿಯಬಾರದು. ಬಿದ್ದವನನ್ನು ಹೊರಗಿನಿಂದ ಎಳೆಯಬೇಕಲ್ಲದೆ ಬರಿಮೈಯಲ್ಲಿ ಒಳಕ್ಕೆ ಧುಮುಕಬಾರದು. ಇದ್ದಿಲನ್ನು ಗಾಳಿ ತಗಲದಂತೆ ಆರಿಸಿ, ಬಳಿಕ ಹರಡಿ ಕಾದು ನೋಡಿ ಚೀಲಕ್ಕೆ ತುಂಬಬೇಕು. ಇವುಗಳಿಗೆ ಬೇಕಾದ ದ್ರವ್ಯವು ಅಲ್ಪ. ತೆಂಗಿನ ಸೀಮೆಯಲ್ಲಿ ಹಗ್ಗಕ್ಕಂತೂ ಬರವಿಲ್ಲ. ಅದರ ತುದಿಯನ್ನು ಹೊರಗೆ ನಿಂತು ಹಿಡಿಯುವವನೊಬ್ಬನ ಕೂಲಿಯನ್ನು ಒಡೆಯನು ಉಳಿತಾಯದ ಲೆಕ್ಕಕ್ಕೆ ಸೇರಿಸಕೂಡದು.